ಹಳೇ ಹೆರಾಲ್ಡ್ ರೇಸ್ ಕಾರಿನ ಸ್ಟೀರಿಂಗ್: ಹುಬ್ಬಳ್ಳಿಯಲ್ಲಿ ಕೂತು ನಾನು ಮಾಡಿದ್ದು

ಹಳೇ ರೇಸ್ ಕಾರಿನ ಸ್ಟೀರಿಂಗ್ ಭಾಗ ಎಲ್ಲಿ ಸಿಗುತ್ತವೆ ಅಂತ ಕೇಳಿ ನನಗೆ ಆಗಾಗ ಫೋನ್ ಬರುತ್ತದೆ. ಸಿಗುವ ಜಾಗ ಹೇಳುವುದು ಸುಲಭ. ಸಿಕ್ಕಿದ್ದು ಹಾಕಲು ಲಾಯಕ್ಕೋ ಇಲ್ಲವೋ ಅಂತ ಗೊತ್ತುಮಾಡಿಕೊಳ್ಳುವುದೇ ನಿಜವಾದ ಕೆಲಸ. ಎಂಜಿನ್ ಕೈಕೊಟ್ಟರೆ ಕಾರು ನಿಂತುಕೊಳ್ಳುತ್ತದೆ, ಅಷ್ಟೇ. ಬ್ರೇಕ್ ಹೋದರೂ ಗೇರ್ ಇಳಿಸಿ ಏನೋ ಒಂದು ಮಾಡಬಹುದು. ಓಡುವ ಕಾರಿನಲ್ಲಿ ಸ್ಟೀರಿಂಗ್ ಭಾಗ ಮುರಿದರೆ ಮಾಡಲು ಏನೂ ಉಳಿಯುವುದಿಲ್ಲ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನನ್ನದು ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, 948 ಸಿಸಿ ಎಂಜಿನ್‌ದು. ಇಂಗ್ಲೆಂಡಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನೇ ಮದ್ರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆಸರಲ್ಲಿ ಮಾಡತೊಡಗಿದರು. ಅದರ ಚೆಂದದ ಮೈಕಟ್ಟು ಇಟಲಿಯ ಜೊವಾನಿ ಮಿಕೆಲೊಟ್ಟಿಯವರದು. ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ವಿಮಾನ ಪಟ್ಟಿ ಇತ್ತು. 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. ಆ ಪಟ್ಟಿಯ ಮೇಲೆ ಫಿಯಟ್‌ಗಳ ಜೊತೆ ಹೆರಾಲ್ಡ್‌ಗಳೂ ಓಡಿವೆ. ನನ್ನ ಕಾರು ಅಂಥದ್ದೇ ಒಂದು. ಕೆಳಕ್ಕೆ ಇಳಿಸಿದ ಸ್ಪ್ರಿಂಗ್, ಅಗಲ ರಿಮ್, ಒಳಗೆ ಒಂದೇ ಸೀಟು. ನನ್ನ ಕೈಗೆ ಬಂದಾಗ ಸ್ಟೀರಿಂಗ್ ಅತ್ತಿತ್ತ ನಾಲ್ಕು ಬೆರಳಷ್ಟು ತಿರುಗಿಸಿದರೂ ಗಾಲಿ ಅಲುಗುತ್ತಿರಲಿಲ್ಲ.

ಹೆರಾಲ್ಡ್‌ನ ಸ್ಟೀರಿಂಗ್ ಅದರ ಕಾಲಕ್ಕೆ ಬಹಳ ಮುಂದಿದ್ದ ವಸ್ತು. ರ‍್ಯಾಕ್ ಅಂಡ್ ಪಿನಿಯನ್, ಅಂದರೆ ಸ್ಟೀರಿಂಗ್ ಜೊತೆ ತಿರುಗುವ ಸಣ್ಣ ಹಲ್ಲಿನ ಚಕ್ರ (ಪಿನಿಯನ್) ಒಂದು ಹಲ್ಲಿನ ಸರಳನ್ನು (ರ‍್ಯಾಕ್) ಎಡಬಲಕ್ಕೆ ತಳ್ಳುತ್ತದೆ. ಬರೀ 25 ಅಡಿಯ ಸುತ್ತಿನಲ್ಲಿ ಕಾರು ಪೂರ್ತಿ ತಿರುಗುತ್ತದೆ. ನಮ್ಮ ಫಿಯಟ್ 1100 ಅಥವಾ ಪದ್ಮಿನಿಯಲ್ಲಿ ಇರುವುದು ವರ್ಮ್ ಅಂಡ್ ರೋಲರ್ ಬಾಕ್ಸ್. ಅದರ ಕಥೆ ಬೇರೆ, ಕೊನೆಗೆ ಎರಡು ಮಾತು ಹೇಳುತ್ತೇನೆ. ಹೆರಾಲ್ಡ್‌ನವರಿಗೆ ಒಂದು ದೊಡ್ಡ ಅನುಕೂಲ ಇದೆ. ಇದರ ಮುಂದಿನ ಅಪ್‌ರೈಟನ್ನು, ಅಂದರೆ ಗಾಲಿ ಹೊರುವ ಕಂಬವನ್ನು, 1960ರ ದಶಕದ ಎಷ್ಟೋ ಬ್ರಿಟಿಷ್ ರೇಸ್ ಕಾರುಗಳಲ್ಲಿ ಹಾಕಿಕೊಂಡಿದ್ದರು. ಲೋಟಸ್ ಎಲಾನ್‌ನಲ್ಲಿ ಇದ್ದದ್ದೂ ಟ್ರಯಂಫ್ ಮೂಲದ ಅಪ್‌ರೈಟೇ. ಹಾಗಾಗಿ ಇಂಗ್ಲೆಂಡಿನಲ್ಲಿ ಈ ಭಾಗಗಳನ್ನು ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಅಲ್ಲಿಯೂ ಬಲಗಡೆ ಸ್ಟೀರಿಂಗ್, ಇಲ್ಲಿಯೂ ಬಲಗಡೆ. ಪಿನಿಯನ್ ಇರುವ ಕಡೆ ಹೊಂದುತ್ತದೆ. ಅಮೆರಿಕದಿಂದ ಯಾರೋ ಅಗ್ಗಕ್ಕೆ ರ‍್ಯಾಕ್ ಕಳಿಸುತ್ತೇನೆ ಅಂದರೆ ಮೊದಲು ಫೋಟೋದಲ್ಲಿ ಪಿನಿಯನ್ ಯಾವ ಕಡೆ ಇದೆ ನೋಡಿ, ಅಲ್ಲಿಯದು ಎಡಗಡೆ ಸ್ಟೀರಿಂಗ್‌ಗೆ ಮಾಡಿದ್ದು.

ಭಾಗ ಹುಡುಕುವ ಮೊದಲು ಯಾವುದು ಹೋಗಿದೆ ಅಂತ ಗೊತ್ತಾಗಬೇಕಲ್ವಾ? ಮುಂದಿನ ಎರಡೂ ಗಾಲಿ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಕೊಡಿ. ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಒಬ್ಬರು ಗಾಲಿಯನ್ನು ಎಡಕ್ಕೆ ಬಲಕ್ಕೆ ಹಿಡಿದು ಅಲುಗಿಸಬೇಕು, ಇನ್ನೊಬ್ಬರು ಒಳಗೆ ಒಂದೊಂದೇ ಜಾಯಿಂಟ್ ಮೇಲೆ ಬೆರಳು ಇಟ್ಟುಕೊಂಡು ಕೂರಬೇಕು. ಕಣ್ಣಿಗೆ ಕಾಣದ ಪ್ಲೇ, ಅಂದರೆ ಸಡಿಲ, ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ. ಎಡಬಲ ಅಲುಗಿದರೆ ಟೈ ರಾಡ್ ಎಂಡ್ (ರ‍್ಯಾಕನ್ನು ಗಾಲಿಗೆ ಸೇರಿಸುವ ರಾಡಿನ ತುದಿಯ ಕೀಲು), ರ‍್ಯಾಕಿನ ಒಳಗಿನ ಬಾಲ್ ಜಾಯಿಂಟ್, ಇಲ್ಲವೇ ರ‍್ಯಾಕೇ ಸಡಿಲ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಬಂದರೆ ಮೇಲಿನ ಬಾಲ್ ಜಾಯಿಂಟ್, ಕೆಳಗಿನ ಟ್ರನಿಯನ್ (ಗಾಲಿ ಹೊರುವ ಕಂಬದ ಬುಡ ಕೂರುವ ಥ್ರೆಡ್ಡಿನ ಗೂಡು), ಅಥವಾ ಗಾಲಿಯ ಬೇರಿಂಗ್. ಬ್ರೇಕ್ ಒತ್ತಿ ಹಿಡಿದು ಮತ್ತೆ ಅಲುಗಿಸಿ. ಆಗ ಪ್ಲೇ ಮಾಯವಾದರೆ ಅದು ಬೇರಿಂಗಿನದು. ನನ್ನ ಕಾರಿನಲ್ಲಿ ಬೇರಿಂಗ್ ಬಿಟ್ಟು ಉಳಿದಿದ್ದೆಲ್ಲ ಹೋಗಿತ್ತು.

ಬಿಚ್ಚುವಾಗ ಟೈ ರಾಡ್ ಎಂಡ್ ಬಿಡಿಸಲು ಪಿನ್ನಿನ ಥ್ರೆಡ್ ಮೇಲೆ ಸುತ್ತಿಗೆಯಿಂದ ಹೊಡೆಯುವ ಚಾಳಿ ನಮ್ಮಲ್ಲಿ ಜಾಸ್ತಿ. ಬೇಡ. ಪುಲ್ಲರ್ ಹಾಕಿ ಬಿಗಿ ಮಾಡಿ, ಆಮೇಲೆ ಸ್ಟೀರಿಂಗ್ ಆರ್ಮಿನ (ಗಾಲಿ ತಿರುಗಿಸುವ ತೋಳಿನ) ಕಣ್ಣಿನ, ಅಂದರೆ ಪಿನ್ ಕೂರುವ ತೂತಿನ, ಪಕ್ಕಕ್ಕೆ ಒಂದು ಏಟು ಕೊಟ್ಟರೆ ಟೇಪರ್, ಅಂದರೆ ಸಣ್ಣದಾಗುತ್ತಾ ಹೋಗುವ ಪಿನ್, ತಾನೇ ಬಿಡುತ್ತದೆ. ರಾಡ್ ಬಿಚ್ಚುವ ಮೊದಲು ಎರಡೂ ಕಡೆಯ ಉದ್ದ ಅಳೆದು ಬರೆದುಕೊಳ್ಳಿ.

ರ‍್ಯಾಕ್ ಟೇಬಲ್ ಮೇಲೆ ಬಂದ ಮೇಲೆ ಪಿನಿಯನ್ನನ್ನು ಕೈಯಿಂದ ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದೆ. ಎರಡೂ ತುದಿಯಲ್ಲಿ ಬಿಗಿ, ನಡುವೆ ಸಡಿಲ. ಹಳೇ ರ‍್ಯಾಕ್‌ಗಳ ಸಾಮಾನ್ಯ ರೋಗ ಇದು. ಕಾರು ತನ್ನ ಆಯುಷ್ಯದ ಬಹುಪಾಲು ನೇರಕ್ಕೇ ಓಡುತ್ತದೆ, ಅದಕ್ಕೆ ನಡುವಿನ ಹಲ್ಲುಗಳೇ ಸವೆಯುತ್ತವೆ. ರ‍್ಯಾಕಿನ ಹಿಂದೆ ಸ್ಪ್ರಿಂಗ್ ಇರುವ ಒಂದು ಪ್ಲಂಜರ್ ಇದೆ, ಅದರ ಮುಚ್ಚಳದ ಕೆಳಗಿನ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದರೆ ಪ್ಲೇ ಕಡಿಮೆಯಾಗುತ್ತದೆ. ಎಷ್ಟೋ ಜನ ನಡುವಿನ ಸಡಿಲಕ್ಕೆ ಸರಿಯಾಗಿ ಶಿಮ್ ತೆಗೆದು ಕೈತೊಳೆದುಕೊಳ್ಳುತ್ತಾರೆ. ಆಗ ತಿರುವಿನಲ್ಲಿ ಪೂರ್ತಿ ತಿರುಗಿಸಿದಾಗ ರ‍್ಯಾಕ್ ಹಿಡಿದುಕೊಳ್ಳುತ್ತದೆ. ಸ್ಟೀರಿಂಗ್ ತಾನೇ ನೇರಕ್ಕೆ ಮರಳಬೇಕಾದ ಕಡೆ ಮರಳುವುದಿಲ್ಲ. ಟ್ರ್ಯಾಕಿನಲ್ಲಿ ಇದು ಸಡಿಲ ಸ್ಟೀರಿಂಗಿಗಿಂತ ಕೆಟ್ಟದ್ದು. ಶಿಮ್ ಹಾಕುವುದು ಯಾವಾಗಲೂ ಅತಿ ಬಿಗಿ ಇರುವ ಜಾಗಕ್ಕೆ ನೋಡಿ. ಅಲ್ಲಿ ಸರಿಯಾಗಿ, ನಡುವೆ ಇನ್ನೂ ಸಡಿಲ ಇದ್ದರೆ ಆ ರ‍್ಯಾಕ್ ಮುಗಿಯಿತು ಅಂತಲೇ ಅರ್ಥ. ಜೊತೆಗೆ ನನ್ನದರ ಒಂದು ಕಡೆಯ ರಬ್ಬರ್ ಬೂಟ್ ಹರಿದು ಎಷ್ಟು ಕಾಲ ಆಗಿತ್ತೋ, ಒಳಗೆ ಮಣ್ಣು ಗ್ರೀಸಿನ ಜೊತೆ ಸೇರಿ ಅರೆಯುವ ಪೇಸ್ಟ್ ಆಗಿತ್ತು. ಗದಗ, ನವಲಗುಂದ ಕಡೆ ಎರಿ ಮಣ್ಣಿನ ರಸ್ತೆಯಲ್ಲಿ ಓಡಾಡುವವರು ಈ ಬೂಟನ್ನು ಪ್ರತಿ ಸಲ ಕಾರಿನ ಕೆಳಗೆ ಹೋದಾಗ ಮುಟ್ಟಿ ನೋಡಿ. ಕೆಲವು ನೂರು ರೂಪಾಯಿಯ ರಬ್ಬರ್ ಹೋದರೆ ಸಾವಿರಾರು ರೂಪಾಯಿಯ ರ‍್ಯಾಕ್ ಹೋಗುತ್ತದೆ.

ಈಗ ಬಿರುಕಿನ ಮಾತು. ಹೆರಾಲ್ಡ್‌ನ ವರ್ಟಿಕಲ್ ಲಿಂಕ್ ಅಂದರೆ ಗಾಲಿ ಹೊರುವ ನಿಂತ ಕಂಬ. ಅದರ ಕೆಳ ತುದಿಯಲ್ಲಿ ಥ್ರೆಡ್ ಇದೆ, ಅದು ಹಿತ್ತಾಳೆ ಬಣ್ಣದ ಟ್ರನಿಯನ್ ಒಳಗೆ ಕೂರುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಆ ಥ್ರೆಡ್ ಮೇಲೇ ತಿರುಗುತ್ತದೆ. ಅಲ್ಲಿ ಎಣ್ಣೆ ಒಣಗಿ ನೀರು ಸೇರಿದರೆ ಥ್ರೆಡ್ ತುಕ್ಕು ಹಿಡಿಯುತ್ತದೆ, ತುಕ್ಕಿನ ಗುಳಿಯಿಂದ ಬಿರುಕು ಹುಟ್ಟುತ್ತದೆ, ಒಂದು ದಿನ ಕಂಬ ಮುರಿದು ಗಾಲಿ ಮಡಚಿಕೊಳ್ಳುತ್ತದೆ. ಟ್ರಯಂಫ್ ಇಟ್ಟುಕೊಂಡ ಯಾರನ್ನು ಕೇಳಿದರೂ ಇದನ್ನೇ ಮೊದಲು ಹೇಳುತ್ತಾರೆ.

ನಾನು ಬಿರುಕು ಹುಡುಕುವ ಡೈ ಪೆನಿಟ್ರಂಟ್ ಡಬ್ಬಿಗಳನ್ನು ತಂದೆ. ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಭಾಗವನ್ನು ಡೀಸೆಲ್, ಆಮೇಲೆ ಥಿನ್ನರ್ ಹಾಕಿ ಒಂಚೂರೂ ಜಿಡ್ಡು ಇಲ್ಲದ ಹಾಗೆ ತೊಳೆದು ಒಣಗಿಸಿದೆ. ಕೆಂಪು ಬಣ್ಣ ಹೊಡೆದು ಹದಿನೈದು ನಿಮಿಷ ಬಿಟ್ಟೆ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹೊಡೆಯಬೇಕು, ಭಾಗದ ಮೇಲೆ ನೇರ ಹೊಡೆದರೆ ಬಿರುಕಿನ ಒಳಗಿನ ಬಣ್ಣವೂ ತೊಳೆದು ಹೋಗುತ್ತದೆ. ಥ್ರೆಡ್ ಇರುವ ಕಡೆ ಬಣ್ಣ ಸಂದಿಯಲ್ಲಿ ಉಳಿಯುತ್ತದೆ, ಅಲ್ಲಿ ಬ್ರಶ್ಶಿಗೆ ಬಟ್ಟೆ ಸುತ್ತಿ ತಾಳ್ಮೆಯಿಂದ ಒರೆಸಬೇಕು. ಆಮೇಲೆ ತೆಳ್ಳಗೆ ಬಿಳಿ. ಎಡಗಡೆ ಲಿಂಕ್ ಬೆಳ್ಳಗೆ ಬೆಳ್ಳಗೇ ಉಳಿಯಿತು. ಬಲಗಡೆಯದರಲ್ಲಿ ಥ್ರೆಡ್ ಶುರುವಾಗುವ ಜಾಗದ ಸ್ವಲ್ಪ ಕೆಳಗೆ, ಥ್ರೆಡ್ಡಿನ ಬುಡದಲ್ಲಿ, ಮೊದಲು ಒಂದು ಕೆಂಪು ಚುಕ್ಕೆ ಬಂತು. ನೋಡುತ್ತಿದ್ದ ಹಾಗೇ ಅದು ಪಕ್ಕಕ್ಕೆ ಹರಿದು ಕೂದಲೆಳೆಯಷ್ಟು ತೆಳು ಗೆರೆಯಾಯಿತು, ಕಂಬದ ಸುತ್ತಳತೆಯ ಕಾಲು ಭಾಗದಷ್ಟು. ಬರಿಗಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಬೆರಳಿಗೂ ಸಿಗುತ್ತಿರಲಿಲ್ಲ. ಆ ಲಿಂಕನ್ನು ಗ್ರೈಂಡರಿನಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ, ಇಡಿಯಾಗಿ ಬಿಸಾಡಿದರೆ ಇನ್ಯಾರದೋ ಕಾರಿಗೆ ಬಂದು ಕೂರುತ್ತದೆ.

ಸ್ಟೀರಿಂಗ್ ಆರ್ಮ್‌ಗಳಿಗೂ ರ‍್ಯಾಕ್ ಬಾರ್‌ಗೂ ಇನ್ನೂ ಒಳ್ಳೆಯ ಪರೀಕ್ಷೆ ಮ್ಯಾಗ್ನೆಟಿಕ್ ಪಾರ್ಟಿಕಲ್, ಅಂದರೆ ಭಾಗಕ್ಕೆ ಕಾಂತತ್ವ ಕೊಟ್ಟು ಕಬ್ಬಿಣದ ಪುಡಿಯಿಂದ ಬಿರುಕು ಕಾಣಿಸುವುದು. ಕ್ರ್ಯಾಂಕ್‌ಶಾಫ್ಟ್ ಕೆಲಸ ಮಾಡುವ ದೊಡ್ಡ ಕಾರ್ಖಾನೆಗಳಲ್ಲಿ ಈ ಯಂತ್ರ ಇರುತ್ತದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಪರಿಚಯದವರ ಮೂಲಕ ಮಾಡಿಸಿಕೊಂಡೆ. ಮುಗಿದ ಮೇಲೆ ಭಾಗದ ಕಾಂತತ್ವ ತೆಗೆಸಿಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಕಬ್ಬಿಣದ ಪುಡಿಯನ್ನೆಲ್ಲ ಎಳೆದು ಹಿಡಿದುಕೊಳ್ಳುತ್ತದೆ. ಬಾಗಿದ ಆರ್ಮನ್ನು ಕಾಯಿಸಿ ನೇರ ಮಾಡಿಕೊಡುತ್ತೇವೆ, ಬಿರುಕಿಗೆ ವೆಲ್ಡ್ ಹೊಡೆಯುತ್ತೇವೆ ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಸ್ಟೀರಿಂಗ್ ಭಾಗಕ್ಕೆ ಬೆಂಕಿ ಮುಟ್ಟಿಸಬಾರದು. ಕಾಯಿಸಿದರೆ ಅದರ ಹದ ಹೋಗುತ್ತದೆ, ಹೋಗಿದ್ದು ಹೊರಗಿನಿಂದ ಕಾಣುವುದಿಲ್ಲ.

ಇನ್ನು ಹುಡುಕಾಟ. ಹುಬ್ಬಳ್ಳಿ ಗುಜರಿಯಲ್ಲಿ ಹೆರಾಲ್ಡ್ ಸಿಗುವ ಕಾಲ ಮುಗಿದಿದೆ. ಆದರೂ ಹಳೇ ಮಿಸ್ತ್ರಿಗಳ ಗ್ಯಾರೇಜಿನ ಅಟ್ಟ ನೋಡಿ. ಧಾರವಾಡದಲ್ಲಿ ಒಬ್ಬ ಹಿರಿಯರ ಅಟ್ಟದ ಮೇಲೆ ಸ್ಟ್ಯಾಂಡರ್ಡ್ ಗ್ಯಾಝೆಲ್‌ನ ಮುಂದಿನ ಅರ್ಧ ಸಿಕ್ಕಿತು. ಗ್ಯಾಝೆಲ್ ಅಂದರೆ ಹೆರಾಲ್ಡ್‌ನದೇ ಮುಂದಿನ ಮಾದರಿ, 1972ರಿಂದ 1977ರವರೆಗೆ ಬಂತು. ಅದರಿಂದ ಒಂದು ಒಳ್ಳೆ ವರ್ಟಿಕಲ್ ಲಿಂಕ್, ಎರಡು ಸ್ಟೀರಿಂಗ್ ಆರ್ಮ್ ಸಿಕ್ಕವು. ಎಲ್ಲವೂ ಪರೀಕ್ಷೆಯಲ್ಲಿ ಪಾಸಾದವು. ಹಳೇ ಗಾಡಿ ಭಾಗಗಳ ಪೇಟೆಯಾದ ಚೆನ್ನೈನ ಪುದುಪೇಟೆ ಈಗಲೂ ಹೋಗಬೇಕಾದ ಜಾಗ, ಈ ಕಾರು ಹುಟ್ಟಿದ ಊರು ಅದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಅಂಗಡಿಯವರು ಒಳಗಿನ ಕೋಣೆಯಿಂದ ಡಬ್ಬಿ ತೆಗೆದು ಕೊಡುವುದುಂಟು. ಅಲ್ಲಿ ಮೇಣದ ಕಾಗದದಲ್ಲಿ ಸುತ್ತಿಟ್ಟ ಆ ಕಾಲದ ಹೊಸ ಟೈ ರಾಡ್ ಎಂಡ್ ಕಂಡರೆ ಯಾರಿಗಾದರೂ ಖುಷಿಯಾಗುತ್ತದೆ. ಕಬ್ಬಿಣ ಹಾಗೇ ಇರುತ್ತದೆ, ರಬ್ಬರ್ ಮಾತ್ರ ಡಬ್ಬಿಯಲ್ಲಿದ್ದೂ ಸತ್ತಿರುತ್ತದೆ. ಬೂಟ್ ಹೊಸದು ಹಾಕಿ, ಒಳಗಿನ ಗಟ್ಟಿಯಾದ ಗ್ರೀಸ್ ತೊಳೆದು ಹೊಸ ಗ್ರೀಸ್ ತುಂಬಿದರೆ ಅಂಥ ಭಾಗವನ್ನು ನಾನು ಇವತ್ತಿನ ಅಗ್ಗದ ನಕಲಿಗಿಂತ ಜಾಸ್ತಿ ನಂಬುತ್ತೇನೆ.

ನನ್ನ ಲೆಕ್ಕ ಇಷ್ಟು. ಗಟ್ಟಿ ಕಬ್ಬಿಣದ ಭಾಗಗಳು, ಅಂದರೆ ಆರ್ಮ್, ಲಿಂಕ್, ಹಳೆಯ ಮೂಲದ್ದೇ ಇರಲಿ, ಪರೀಕ್ಷೆ ಮಾಡಿಸಿ ಹಾಕುವೆ. ಬಾಲ್, ಬುಶ್, ರಬ್ಬರ್ ಇರುವುದೆಲ್ಲ ಹೊಸದು. ರ‍್ಯಾಕನ್ನೂ ಟ್ರನಿಯನ್‌ಗಳನ್ನೂ ಇಂಗ್ಲೆಂಡಿನಿಂದ ತರಿಸಿದೆ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಬೆಲೆ ಚೆನ್ನಾಗಿಯೇ ಏರುತ್ತದೆ, ಅದಕ್ಕೆ ಹೆರಾಲ್ಡ್ ಇರುವ ಗೆಳೆಯರು ಸೇರಿ ಒಂದೇ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವುದು ಒಳ್ಳೆಯದು.

ಟೈ ರಾಡ್ ಎಂಡ್ ಬರುವುದು ತಡವಾದಾಗ ಸುತ್ತಲಿನವರೆಲ್ಲ ಹೇಳಿದ್ದು ಒಂದೇ: "ಅಂಬಾಸಿಡರ್‌ದು ಹಾಕ್ರಿ, ಕೂಡ್ತೈತಿ." ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನಗೆ ಲೇತ್ ಕೆಲಸ ಮಾಡಿಕೊಡುವ ಟರ್ನರ್ ಕಾಕಾ ಮಾತ್ರ ತಲೆ ಅಲ್ಲಾಡಿಸಿದರು. "ತಮ್ಮಾ, ಕೂಡೂದು ಬ್ಯಾರೆ, ಹಿಡಿಯೂದು ಬ್ಯಾರೆ. ಬ್ಲೂ ಹಚ್ಚಿ ನೋಡು ಮೊದಲ." ಟೇಪರ್ ಪಿನ್ನಿಗೆ ಮಾರ್ಕಿಂಗ್ ಬ್ಲೂ ತೆಳ್ಳಗೆ ಹಚ್ಚಿ, ಆರ್ಮಿನ ಕಣ್ಣಿಗೆ ಕೂರಿಸಿ, ಸ್ವಲ್ಪ ತಿರುಗಿಸಿ ತೆಗೆದೆವು. ಮೇಲೆ ಒಂದು ಬಳೆಯಂಥ ಗುರುತು ಬಿಟ್ಟರೆ ಉಳಿದ ಕಡೆ ನೀಲಿ ತಾಕೇ ಇರಲಿಲ್ಲ. ಅಂದರೆ ಪಿನ್ ಒಂದೇ ಅಂಚಿನ ಮೇಲೆ ನಿಂತಿದೆ. ನಟ್ ಎಷ್ಟು ಬಿಗಿದರೂ ಓಡುತ್ತಾ ಓಡುತ್ತಾ ಅಲ್ಲಾಡಿ ಪಿನ್ ಮುರಿಯುತ್ತದೆ. ಸರಿಯಾದ ಟೇಪರ್‌ನಲ್ಲಿ ನೀಲಿ ಉದ್ದಕ್ಕೂ ಹತ್ತಬೇಕು. ಹೊಸದಾಗಿ ಬಂದ ಪ್ರತಿ ಎಂಡನ್ನೂ ಹೀಗೇ ನೋಡಿ ಹಾಕಿದೆ.

ಥ್ರೆಡ್ಡಿನ ಮಾತು ಇನ್ನೂ ಗಂಭೀರ. ಹೆರಾಲ್ಡ್‌ನಲ್ಲಿ ಇರುವುದು ಇಂಚಿನ ಯುಎನ್‌ಎಫ್ ಥ್ರೆಡ್, ನಮ್ಮ ಪೇಟೆಯಲ್ಲಿ ಈಗ ಸಿಗುವುದೆಲ್ಲ ಮೆಟ್ರಿಕ್. ಪೂರ್ತಿ ಹೊಂದದೆ ಇದ್ದರೆ ಭಯ ಇಲ್ಲ, ನಟ್ ಹತ್ತುವುದೇ ಇಲ್ಲ. ಹತ್ತಿರ ಹತ್ತಿರ ಹೊಂದುವುದೇ ಅಪಾಯ. ಅರ್ಧ ಇಂಚು ಯುಎನ್‌ಎಫ್ ಅಂದರೆ ದಪ್ಪ 12.7 ಮಿ.ಮೀ., ಇಂಚಿಗೆ 20 ಥ್ರೆಡ್, ಅಂದರೆ ಒಂದರಿಂದ ಇನ್ನೊಂದಕ್ಕೆ 1.27 ಮಿ.ಮೀ. 12 ಮಿ.ಮೀ. ಬೋಲ್ಟಿನ ಒಂದು ಮೆಟ್ರಿಕ್ ಥ್ರೆಡ್ 1.25 ಮಿ.ಮೀ.ದು. ಆ 12ರ ಬೋಲ್ಟಿಗೆ ಅರ್ಧ ಇಂಚಿನ ನಟ್ ಹಾಕಿದರೆ ಸಲೀಸಾಗಿ ತಿರುಗುತ್ತಾ ಹೋಗುತ್ತದೆ, ಸ್ವಲ್ಪ ಲೊಡ ಲೊಡ ಅನ್ನುತ್ತದೆ ಅಷ್ಟೇ, ಬಿಗಿದರೆ ಬಿಗಿಯಾದ ಹಾಗೇ ಅನಿಸುತ್ತದೆ. ಒಳಗೆ ಥ್ರೆಡ್ಡಿನ ತುದಿಗಳಷ್ಟೇ ಒಂದಕ್ಕೊಂದು ತಾಗಿರುತ್ತವೆ. ಜೋರು ಬಿದ್ದ ದಿನ ಕಿತ್ತು ಬರುತ್ತದೆ. ಹಳೇ ಕಾರಿನ ಕೆಲಸ ಮಾಡುವವರ ಹತ್ತಿರ ಥ್ರೆಡ್ ಗೇಜ್ ಮತ್ತು ವರ್ನಿಯರ್ ಇರಲೇಬೇಕು. ಕಣ್ಣಂದಾಜು, ಕೈಯಂದಾಜು ಇಲ್ಲಿ ನಡೆಯುವುದಿಲ್ಲ. ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ಬೋಲ್ಟನ್ನೂ ಹಾಕಬೇಡಿ. ಇಂಚಿನ ಬೋಲ್ಟಿನ ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ಗೆರೆ ಇಲ್ಲದ್ದನ್ನು ಸ್ಟೀರಿಂಗ್ ಹತ್ತಿರ ತರಬೇಡಿ.

ಟ್ರನಿಯನ್ ಕೂರಿಸುವಾಗ ಎಡ ಬಲ ಗುರುತು ನೋಡಿ. ಎರಡೂ ಕಡೆಯ ಥ್ರೆಡ್ ಒಂದೇ ಅಲ್ಲ, ಒಂದು ಬಲ ತಿರುವು, ಒಂದು ಎಡ ತಿರುವು. ಅದಕ್ಕೆ ಗ್ರೀಸ್ ಅಲ್ಲ, ಇಪಿ 90 ಗೇರ್ ಎಣ್ಣೆ. ಗ್ರೀಸ್ ಥ್ರೆಡ್ಡಿನ ಕೆಳಗಿನವರೆಗೆ ಇಳಿಯುವುದಿಲ್ಲ, ಮೇಲೆಯೇ ಗಟ್ಟಿಯಾಗಿ ಕೂತುಬಿಡುತ್ತದೆ. ಒಂದು ಗ್ರೀಸ್ ಗನ್ನನ್ನು ತೊಳೆದು ಬರೀ ಈ ಎಣ್ಣೆಗೆ ಅಂತಲೇ ಎತ್ತಿಟ್ಟಿದ್ದೇನೆ. ಮೇಲಿನ ಸಂದಿಯಿಂದ ಎಣ್ಣೆ ಒಸರುವವರೆಗೆ ಒತ್ತುತ್ತೇನೆ.

ರ‍್ಯಾಕ್ ಎಂಜಿನ್ ಮುಂದೆ ಅಡ್ಡಡ್ಡಕ್ಕೆ ಎರಡು ಯು-ಬೋಲ್ಟ್‌ಗಳಲ್ಲಿ ಕೂರುತ್ತದೆ, ನಡುವೆ ರಬ್ಬರ್. ಎಂಜಿನ್ ಎಣ್ಣೆ ಬಿದ್ದು ಬಿದ್ದು ಆ ರಬ್ಬರ್ ಮೆತ್ತಗಾಗಿ ತಿರುವಿನಲ್ಲಿ ರ‍್ಯಾಕೇ ಪಕ್ಕಕ್ಕೆ ಸರಿಯುತ್ತದೆ. ರಸ್ತೆಯ ಕಾರಿಗೆ ಹೊಸ ರಬ್ಬರ್ ಸಾಕು. ರೇಸಿಗೆ ಅಲ್ಯೂಮಿನಿಯಂ ಬ್ಲಾಕ್ ಬೇಕು. ಕಾಕಾ ಅವನ್ನು ಲೇತಿನಲ್ಲಿ ರ‍್ಯಾಕಿನ ಟ್ಯೂಬಿಗೆ ಸರಿಯಾಗಿ ಕೊರೆದು ಕೊಟ್ಟರು.

ಬ್ಲಾಕ್ ಮಾಡಿಸುವಾಗಲೇ ರ‍್ಯಾಕಿನ ಎತ್ತರ ನೋಡಿಕೊಳ್ಳಬೇಕಿತ್ತು. ಕಾರನ್ನು ಕೆಳಕ್ಕೆ ಇಳಿಸಿದಾಗ ಗಾಲಿ ಮೇಲೇರಿದಂತೆ ಆಗುತ್ತದೆ, ಟೈ ರಾಡಿನ ಹೊರ ತುದಿಯೂ ಮೇಲೇರುತ್ತದೆ, ಒಳ ತುದಿ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಉಬ್ಬು ತಗ್ಗಿನಲ್ಲಿ ಗಾಲಿ ಮೇಲೆ ಕೆಳಗೆ ಆದಾಗ ತಾನೇ ತಾನಾಗಿ ತಿರುಗುತ್ತದೆ. ನೀವು ಸ್ಟೀರಿಂಗ್ ಅಲುಗಿಸದೆ ಇದ್ದರೂ ಕಾರು ಅತ್ತಿತ್ತ ಎಳೆಯುತ್ತದೆ. ಬಂಪ್ ಸ್ಟೀರ್ ಅಂತಾರೆ ಇದಕ್ಕೆ. ಅಳೆಯಲು ಸ್ಪ್ರಿಂಗ್ ತೆಗೆದು, ಹಬ್‌ಗೆ ಒಂದು ಚಪ್ಪಟೆ ತಗಡಿನ ಪ್ಲೇಟ್ ಬಿಗಿದು, ಅದರ ಮುಂದೊಂದು ಹಿಂದೊಂದು ಡಯಲ್ ಗೇಜ್ ನಿಲ್ಲಿಸಿದೆ. ಸ್ಟೀರಿಂಗ್ ನೇರಕ್ಕೆ ಕಟ್ಟಿಹಾಕಿ, ಹಬ್ಬನ್ನು ಜ್ಯಾಕಿನಿಂದ 10 ಮಿ.ಮೀ.ನಂತೆ ಎತ್ತುತ್ತಾ ಎರಡೂ ಗೇಜಿನ ವ್ಯತ್ಯಾಸ ಬರೆದುಕೊಂಡೆ. ಆಮೇಲೆ ಬ್ಲಾಕಿನ ಕೆಳಗೆ ತೆಳು ಪಟ್ಟಿ ಕೊಟ್ಟು ರ‍್ಯಾಕ್ ಎತ್ತಿ ಮತ್ತೆ ಅಳೆದೆ. ಬೇಸರದ ಕೆಲಸ, ಆದರೆ ಇಡೀ ಕೆಲಸದಲ್ಲಿ ಕಾರಿನ ನಡತೆ ಬದಲಾಯಿಸಿದ್ದು ಇದೇ. ಎರಡೂ ಕಡೆ ಬೇರೆ ಬೇರೆಯಾಗಿ ಅಳೆಯಿರಿ, ಅರವತ್ತು ವರ್ಷದ ಚಾಸಿ ಎರಡೂ ಕಡೆ ಒಂದೇ ಸಮ ಇರುವುದಿಲ್ಲ.

ಸ್ಟೀರಿಂಗ್ ಕಾಲಮ್ಮಿಗೂ ಪಿನಿಯನ್ನಿಗೂ ನಡುವೆ ರಬ್ಬರಿನ ಕಪ್ಲಿಂಗ್ ಇದೆ. ಬಿರುಕು ಬಿಟ್ಟಿದ್ದರೆ ಹೊಸದು. ಅದರ ಎರಡೂ ಕಡೆ ಸೇರಿಸುವ ಒಂದು ಸಣ್ಣ ಅರ್ಥಿಂಗ್ ತಂತಿ ಇರುತ್ತದೆ. ಅದನ್ನು ಬಿಟ್ಟರೆ ಹಾರ್ನ್ ಬಾಯಿ ಮುಚ್ಚುತ್ತದೆ, ಜನ ಹಾರ್ನ್ ಬಿಚ್ಚಿ ರಿಪೇರಿಗೆ ಕೊಡುತ್ತಾರೆ.

ಜೋಡಿಸುವಾಗ ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಮುಂದಿನ ಸಂದಿಗೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು) ಒಂದೇ ಸಲಕ್ಕೆ. ಅಗಲ ಟೈರು ಹಾಕಿದ್ದರೆ ಹೆರಾಲ್ಡ್ ಪೂರ್ತಿ ತಿರುಗಿದಾಗ ಟೈರು ಚಾಸಿಗೆ ಉಜ್ಜುತ್ತದೆ, ಲಾಕ್ ಸ್ಟಾಪ್ (ಗಾಲಿ ಎಷ್ಟು ತಿರುಗಬೇಕು ಅಂತ ತಡೆಯುವ ಭಾಗ) ಹೊಂದಿಸಿ ಸ್ವಲ್ಪ ಕಡಿಮೆ ಮಾಡಿ. ಗಾಲಿಯ ಅಲೈನ್‌ಮೆಂಟ್ ನಾನು ದಾರ ಕಟ್ಟಿಯೇ ಮಾಡುತ್ತೇನೆ. ಕಾರಿನ ಎರಡೂ ಪಕ್ಕ ಹಬ್ಬಿನ ಎತ್ತರಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ದಾರ ಎಳೆದು, ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ಎರಡನ್ನೂ ಸ್ಟೀಲ್ ಸ್ಕೇಲಿನಿಂದ ಅಳೆಯುವುದು. ಚಾಲಕನ ಸೀಟಿನಲ್ಲಿ ನನ್ನ ತೂಕದಷ್ಟು ಸಿಮೆಂಟ್ ಚೀಲ ಇಟ್ಟುಕೊಳ್ಳುತ್ತೇನೆ.

ಮೊದಲ ಓಟ ಬೆಳಗಿನ ಜಾವ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ. ಮನೆಗೆ ಬಂದು ಎಲ್ಲ ನಟ್ ಮತ್ತೆ ನೋಡಿದೆ. ಪ್ರತಿ ನಟ್ಟಿನ ಮೇಲೆ ಹಳದಿ ಬಣ್ಣದ ಗೆರೆ ಎಳೆದಿಟ್ಟರೆ ಸಡಿಲಾಗಿದ್ದು ದೂರದಿಂದಲೇ ಕಾಣುತ್ತದೆ. ಟ್ರ್ಯಾಕಿಗೆ ಹೋದ ದಿನ ಪ್ರತಿ ಸುತ್ತಾಟದ ನಂತರವೂ ಆ ಗೆರೆಗಳನ್ನು ನೋಡುತ್ತೇನೆ. ಈಗ ಸ್ಟೀರಿಂಗ್ ನಡುವೆ ಬೆರಳಷ್ಟೂ ಸಡಿಲ ಇಲ್ಲ, ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ತಾನೇ ನೇರಕ್ಕೆ ಬರುತ್ತದೆ.

ಫಿಯಟ್‌ನವರಿಗೆ ಹೇಳಬೇಕಿದ್ದ ಎರಡು ಮಾತು. ಬಾಕ್ಸಿನ ಮೇಲಿನ ಅಡ್ಜಸ್ಟ್ ಸ್ಕ್ರೂ ಬಿಗಿದು ಪ್ಲೇ ತೆಗೆಯುವ ಮೊದಲು ಐಡ್ಲರ್ ಆರ್ಮ್, ರಾಡ್‌ಗಳ ಬಾಲ್ ಜಾಯಿಂಟ್, ಕಿಂಗ್ ಪಿನ್ ಎಲ್ಲ ನೋಡಿ, ಬಹಳ ಸಲ ಪ್ಲೇ ಇರುವುದು ಅಲ್ಲೇ. ಬಾಕ್ಸನ್ನು ಅತಿ ಬಿಗಿ ಮಾಡಿದರೆ ವರ್ಮ್ ಮತ್ತು ರೋಲರ್ ಎರಡೂ ಬೇಗ ಹಾಳಾಗುತ್ತವೆ. ಪದ್ಮಿನಿ 2001ರ ತನಕ ಬಂದಿದ್ದರಿಂದ ಭಾಗಗಳು ಇನ್ನೂ ಸಿಗುತ್ತವೆ, ಒಂದು ಜೊತೆ ಈಗಲೇ ತೆಗೆದಿಟ್ಟುಕೊಳ್ಳಿ.

ನನಗೆ ಇನ್ನೊಂದು ಬಲಗಡೆ ವರ್ಟಿಕಲ್ ಲಿಂಕ್ ಸ್ಪೇರ್ ಇಡಲು ಬೇಕಾಗಿದೆ. ಹಾವೇರಿ, ರಾಣೆಬೆನ್ನೂರು, ಗದಗ ಕಡೆ ಯಾರ ಹಿತ್ತಲಲ್ಲಾದರೂ ಹೆರಾಲ್ಡ್ ಅಥವಾ ಗ್ಯಾಝೆಲ್ ನಿಂತಿದ್ದರೆ ತಿಳಿಸಿ, ನಾನೇ ಬಂದು ಬಿಚ್ಚಿಕೊಳ್ಳುತ್ತೇನೆ. ಡೈ ಡಬ್ಬಿಗಳನ್ನು ಜೊತೆಗೇ ತರುತ್ತೇನೆ, ನಿಮ್ಮ ಕಾರಿನ ಭಾಗಗಳನ್ನೂ ಆಗಲೇ ನೋಡಿಕೊಡುತ್ತೇನೆ.